‘ನೂರಕ್ಕೆ ಒಂದೇ ರೂಪಾಯಿ ಬಡ್ಡಿ’ ಸಾಲ ನಿಜಕ್ಕೂ ಅಗ್ಗವೇ? ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯವರು ಸಹಿ ಹಾಕುವ ಮೊದಲು ನೋಡಬೇಕಾದ ಲೆಕ್ಕ

“ತಿಂಗಳಿಗೆ ನೂರಕ್ಕೆ ಒಂದೇ ರೂಪಾಯಿ ಬಡ್ಡಿ. ಬ್ಯಾಂಕಿನವರು ಶೇ. 14 ತಗೋತಾರೆ, ನಮ್ಮದು ಬರೀ ಶೇ. 12. ಆಧಾರ್, ಪ್ಯಾನ್ ಸಾಕು, ಅರ್ಧ ತಾಸಿನಲ್ಲಿ ಹಣ ಖಾತೆಗೆ.” ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಕೆಲವಕ್ಕೆ ಬ್ಯಾಂಕಿನ ಲಾಂಛನ ಇರುತ್ತದೆ, ಕೆಲವಕ್ಕೆ ಪ್ರಧಾನಿ ಫೋಟೊ. ಸಂಬಂಧಿಕರೊಬ್ಬರು ಕಳಿಸಿದ್ದಾರೆ ಎಂಬ ಒಂದೇ ಕಾರಣಕ್ಕೆ ನಂಬಿಕೆಯೂ ಹುಟ್ಟುತ್ತದೆ.

ಈ ಸಂದೇಶಗಳಲ್ಲಿ ಕೆಲವು ಪೂರ್ತಿ ಸುಳ್ಳು. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇವೆ. ಮೊದಲು ಪೂರ್ತಿ ಸುಳ್ಳಲ್ಲದ ಸಂದೇಶಗಳನ್ನು ನೋಡೋಣ, ಯಾಕೆಂದರೆ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಅಲ್ಲೇ. ಶೇ. 12 ಎಂದು ಹೇಳಿದವರು ನಿಜವಾಗಿಯೂ ಶೇ. 12 ಎಂದೇ ಲೆಕ್ಕ ಹಾಕುತ್ತಾರೆ. ಆದರೆ ಯಾವುದರ ಮೇಲೆ ಶೇ. 12 ಎಂದು ಹೇಳುವುದಿಲ್ಲ.

ಶೇ. 12 ದುಬಾರಿ, ಶೇ. 14 ಅಗ್ಗ: ಹೇಗೆ?

ಎರಡು ವರ್ಷಕ್ಕೆ 1 ಲಕ್ಷ ರೂಪಾಯಿ ಬೇಕು ಎಂದುಕೊಳ್ಳಿ. ಎರಡು ಕಡೆ ವಿಚಾರಿಸಿದ್ದೀರಿ.

ಮೊದಲನೆಯವರು ಹೇಳುವ ಬಡ್ಡಿ ಶೇ. 12, ಆದರೆ ಅದು ‘ಫ್ಲಾಟ್’ ಲೆಕ್ಕ. ವರ್ಷಕ್ಕೆ 12,000, ಎರಡು ವರ್ಷಕ್ಕೆ 24,000 ರೂಪಾಯಿ ಬಡ್ಡಿ. ಅಸಲು ಸೇರಿ 1,24,000. ಇದನ್ನು 24 ಕಂತು ಮಾಡಿದರೆ ತಿಂಗಳಿಗೆ 5,167 ರೂಪಾಯಿ.

ಎರಡನೆಯದು ಬ್ಯಾಂಕ್. ಬಡ್ಡಿ ಶೇ. 14, ಆದರೆ ಉಳಿದ ಅಸಲಿನ ಮೇಲೆ ಮಾತ್ರ. ಕಂತು ತಿಂಗಳಿಗೆ 4,801 ರೂಪಾಯಿ. ಎರಡು ವರ್ಷಕ್ಕೆ ಒಟ್ಟು ಬಡ್ಡಿ 15,231 ರೂಪಾಯಿ.

ಸಂಖ್ಯೆ ತಪ್ಪಿಲ್ಲ, ಇನ್ನೊಮ್ಮೆ ನೋಡಿ. ಶೇ. 12ರ ಸಾಲಕ್ಕೆ ಶೇ. 14ರ ಸಾಲಕ್ಕಿಂತ ಸುಮಾರು 8,800 ರೂಪಾಯಿ ಹೆಚ್ಚು ಬಡ್ಡಿ.

ಕಾರಣ ಸರಳ. ಪ್ರತಿ ಕಂತಿನಲ್ಲೂ ನೀವು ಸ್ವಲ್ಪ ಅಸಲು ವಾಪಸ್ ಕೊಡುತ್ತಿರುತ್ತೀರಿ. ಒಂದು ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸಾಲ ತೀರಿರುತ್ತದೆ. ಫ್ಲಾಟ್ ಲೆಕ್ಕದಲ್ಲಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 1 ಲಕ್ಷಕ್ಕೇ ಬಡ್ಡಿ ಬೀಳುತ್ತದೆ. ನೀವು ಆಗಲೇ ಮರಳಿಸಿದ ಹಣಕ್ಕೂ ಬಡ್ಡಿ ಕೊಟ್ಟಂತೆ. ಬ್ಯಾಂಕಿನ ಲೆಕ್ಕದ ಪದ್ಧತಿಯಲ್ಲಿ ನೋಡಿದರೆ ಈ ‘ಶೇ. 12 ಫ್ಲಾಟ್’ ಅಂದರೆ ಸುಮಾರು ಶೇ. 21.6. ಫ್ಲಾಟ್ ದರ ಕಿವಿಗೆ ಬಿದ್ದರೆ ಅದನ್ನು ಮನಸ್ಸಿನಲ್ಲೇ ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಕೊಳ್ಳಿ. ಒಂದರಿಂದ ಮೂರು ವರ್ಷದ ಸಾಲಗಳಿಗೆ ಈ ಅಂದಾಜು ತೀರಾ ತಪ್ಪುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರೊಸೆಸಿಂಗ್ ಶುಲ್ಕ ಇದೆ, ಅದರ ಮೇಲೆ ಶೇ. 18 ಜಿಎಸ್‌ಟಿ ಇದೆ. ಫ್ಲಾಟ್ ಸಾಲದವರು ಶೇ. 2 ಶುಲ್ಕ ಹಿಡಿದರೆ ಜಿಎಸ್‌ಟಿ ಸೇರಿ 2,360 ರೂಪಾಯಿ ಮೊದಲೇ ಕಡಿತ. ಕೈಗೆ ಸಿಗುವುದು 97,640, ಆದರೆ ಕಂತು ಪೂರ್ತಿ ಲಕ್ಷಕ್ಕೆ. ಆಗ ನಿಜವಾದ ವಾರ್ಷಿಕ ದರ ಸುಮಾರು ಶೇ. 24. ಬ್ಯಾಂಕ್ ಶೇ. 1 ಶುಲ್ಕ ಹಿಡಿದರೂ ಅಲ್ಲಿನ ನಿಜವಾದ ದರ ಸುಮಾರು ಶೇ. 15.2 ಆಗುತ್ತದೆ. ಎಲ್ಲ ಸೇರಿ ಎರಡು ಸಾಲಗಳ ನಡುವಿನ ವ್ಯತ್ಯಾಸ ಹತ್ತಿರ ಹತ್ತಿರ 10,000 ರೂಪಾಯಿ.

ಹೀಗೆ ಬಡ್ಡಿ, ಶುಲ್ಕ, ವಿಮೆ ಎಲ್ಲವನ್ನೂ ಸೇರಿಸಿ ತೆಗೆದ ವಾರ್ಷಿಕ ದರಕ್ಕೆ ‘ಎಪಿಆರ್’ ಎನ್ನುತ್ತಾರೆ. ಎರಡು ಸಾಲಗಳನ್ನು ಹೋಲಿಸಲು ಇದೊಂದು ಸಂಖ್ಯೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇದನ್ನು ನೀವು ಕೂತು ಲೆಕ್ಕ ಹಾಕಬೇಕಾಗಿಯೂ ಇಲ್ಲ.

ಕೇಳಿ ಪಡೆಯಬೇಕಾದ ಕಾಗದ

ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಎನ್‌ಬಿಎಫ್‌ಸಿಗಳು ವೈಯಕ್ತಿಕ ಸಾಲ ಕೊಡುವ ಮೊದಲು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಪತ್ರ ಕೊಡಲೇಬೇಕು. ಚಿಕ್ಕದಾಗಿ ಕೆಎಫ್‌ಎಸ್. ಅದರಲ್ಲಿ ಎಪಿಆರ್ ಇರಬೇಕು, ಪ್ರತಿಯೊಂದು ಶುಲ್ಕ ಇರಬೇಕು, ಕಂತಿನ ಪಟ್ಟಿ ಇರಬೇಕು. ವಿಮೆ ಮಾಡಿಸಿದರೆ ಅದರ ಹಣವೂ ಎಪಿಆರ್ ಲೆಕ್ಕದೊಳಗೆ ಬರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು, ವಿಷಯವನ್ನು ವಿವರಿಸಿಯೂ ಹೇಳಬೇಕು. ಅಂದರೆ ರಾಣೇಬೆನ್ನೂರಿನ ಶಾಖೆಯಲ್ಲಿ ಕನ್ನಡದ ಪತ್ರ ಕೇಳಿದರೆ ಅದು ಉಪಕಾರ ಬೇಡಿದಂತಲ್ಲ.

ಇನ್ನೆರಡು ವಿಷಯಗಳು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು, ಆ ಪತ್ರದಲ್ಲಿ ಬರೆಯದ ಯಾವುದೇ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಸಾಲದ ಅವಧಿಯಲ್ಲಿ ಹಾಕುವಂತಿಲ್ಲ. ಎರಡು, ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ ಆ ಪತ್ರದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಜಾರಿಯಲ್ಲಿರಬೇಕು. “ಇವತ್ತು ಸಹಿ ಹಾಕದಿದ್ದರೆ ಈ ದರ ಹೋಗುತ್ತೆ” ಎಂದು ಯಾರಾದರೂ ಅವಸರ ಮಾಡಿದರೆ ಪತ್ರ ಮನೆಗೆ ತನ್ನಿ, ಇನ್ನೊಂದು ಕಡೆಯ ಪತ್ರ ಪಕ್ಕಕ್ಕಿಟ್ಟು ನೋಡಿ. ಮೂರು ದಿನ ಇರುವುದೇ ಅದಕ್ಕೆ.

‘ಕಂತು ಕಡಿಮೆ’ ಎಂಬ ಮಾತು

ಎಪಿಆರ್ ನಂತರ ಜನ ಎಡವುವುದು ಕಂತಿನಲ್ಲಿ. ಅದೇ 1 ಲಕ್ಷ, ಅದೇ ಶೇ. 14 ಬಡ್ಡಿ. ಎರಡು ವರ್ಷದ ಬದಲು ಐದು ವರ್ಷ ಮಾಡಿದರೆ ಕಂತು 4,801ರಿಂದ 2,327 ರೂಪಾಯಿಗೆ ಇಳಿಯುತ್ತದೆ. ಒಟ್ಟು ಬಡ್ಡಿ 15,231ರಿಂದ ಸುಮಾರು 39,600ಕ್ಕೆ ಏರುತ್ತದೆ. ಕಂತು ಅರ್ಧವಾಯಿತು, ಬಡ್ಡಿ ಎರಡೂವರೆ ಪಟ್ಟಾಯಿತು. ಚಿಕ್ಕ ಕಂತು ಬೇಕಾಗುವ ಮನೆಗಳು ಇವೆ, ಅದು ತಪ್ಪೇನಲ್ಲ. ಆದರೆ ಅದನ್ನು ಅಗ್ಗ ಎಂದು ಕರೆಯುವುದು ತಪ್ಪು.

ಮೊದಲೇ ತೀರಿಸಿದರೆ ಏನಾಗುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ನೋಡಿ. ವೈಯಕ್ತಿಕ ಸಾಲಗಳು ಹೆಚ್ಚಾಗಿ ನಿಗದಿತ ದರದವು, ಅವಧಿಗೆ ಮುಂಚೆ ಮುಗಿಸಿದರೆ ಶುಲ್ಕ ಹಾಕಬಹುದು. ಬದಲಾಗುವ ದರದ, ವ್ಯವಹಾರಕ್ಕಲ್ಲದ ವೈಯಕ್ತಿಕ ಸಾಲಕ್ಕೆ ಹಾಕುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೂ ಹಾಕುವಂತಿಲ್ಲ.

ಸಂಘದ ಸಾಲ, ಮತ್ತು ‘ಕಟ್ಟಬೇಕಿಲ್ಲ’ ಎಂಬ ಫಾರ್ವರ್ಡ್

ಹಾವೇರಿ ಜಿಲ್ಲೆಯಲ್ಲಿ ಸಾಲದ ಮಾತು ತೆಗೆದರೆ 2025ರ ಜನವರಿ ನೆನಪಾಗದೇ ಇರದು. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಬೇಸತ್ತ ಜಿಲ್ಲೆಯ ಮಹಿಳೆಯರು ‘ಮಾಂಗಲ್ಯ ಉಳಿಸಿ’ ಎನ್ನುತ್ತ ತಾಳಿಯನ್ನೇ ಅಂಚೆಯಲ್ಲಿ ಸರ್ಕಾರಕ್ಕೆ ಕಳಿಸುವ ಅಭಿಯಾನ ಮಾಡಿದರು. ಅದೇ ಹೊತ್ತಿಗೆ ಚಾಮರಾಜನಗರದ ಕೆಲವು ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದವು. ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದ ಬಳಿಕ ಫೆಬ್ರವರಿ 12ರಂದು ಅದಕ್ಕೆ ಅಂಕಿತ ಬಿತ್ತು. ಮಾರ್ಚ್‌ನಲ್ಲಿ ವಿಧಾನಮಂಡಲವೂ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬೆದರಿಕೆ, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಆಗಲೇ ಹಬ್ಬಿದ ಸಂದೇಶ: “ಹೊಸ ಕಾನೂನು ಬಂದಿದೆ, ಸಂಘದ ಸಾಲ ಯಾರೂ ಕಟ್ಟಬೇಕಿಲ್ಲ.” ಇದು ದಾರಿ ತಪ್ಪಿಸುವ ಸಂದೇಶ. ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕ್ ಮತ್ತು ಎನ್‌ಬಿಎಫ್‌ಸಿಗಳ ಸಾಲಕ್ಕೆ ಈ ಮನ್ನಾ ಅನ್ವಯಿಸುವುದಿಲ್ಲ. ಹಳ್ಳಿಗಳಲ್ಲಿ ಗುಂಪು ಮಾಡಿ ಸಾಲ ಕೊಡುವ ದೊಡ್ಡ ಸಂಸ್ಥೆಗಳು ಹೆಚ್ಚಾಗಿ ಈ ವರ್ಗದವೇ. ಫಾರ್ವರ್ಡ್ ನಂಬಿ ಕಂತು ನಿಲ್ಲಿಸಿದರೆ ಕ್ರೆಡಿಟ್ ವರದಿಯಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಮುಂದೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಯ ಸಾಲ ಕೇಳಿದಾಗ ಬಾಗಿಲು ಮುಚ್ಚುವುದು ಆ ಚುಕ್ಕೆ. ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.

ಹಾಗಂತ ಸಂಘದ ಸಾಲದವರಿಗೆ ರಕ್ಷಣೆಯೇ ಇಲ್ಲ ಎಂದಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮಗಳು ಸಾಕಷ್ಟು ಗಟ್ಟಿಯಾಗಿಯೇ ಇವೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಮನೆಯವರ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅಂದರೆ ಮನೆಗೆ ತಿಂಗಳಿಗೆ 16,000 ಬರುತ್ತಿದ್ದರೆ ಎಲ್ಲ ಕಂತು ಸೇರಿ 8,000ದೊಳಗೆ ಇರಬೇಕು. ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಮೊದಲೇ ಒಪ್ಪಿಕೊಂಡ ಜಾಗದಲ್ಲೇ ಕಂತು ಪಡೆಯಬೇಕು. ಸತತ ಎರಡು ಬಾರಿ ಅಲ್ಲಿಗೆ ಬರದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರ ಎದುರು ಮಾನ ತೆಗೆಯುವುದು ಎಲ್ಲವೂ ನಿಷಿದ್ಧ.

ಬೆಲೆಗೆ ಮಾತ್ರ ನಿಯಮದಲ್ಲಿ ಗರಿಷ್ಠ ಮಿತಿ ಇಲ್ಲ, ಅತಿಯಾಗಬಾರದು ಎಂದಷ್ಟೇ ಇದೆ. ಆದ್ದರಿಂದ ಇಲ್ಲೂ ಎಪಿಆರ್ ನೋಡಿ. ಉದಾಹರಣೆಗೆ 50,000 ರೂಪಾಯಿ, ಎರಡು ವರ್ಷ, ಉಳಿದ ಅಸಲಿನ ಮೇಲೆ ಶೇ. 24 ಬಡ್ಡಿ. ಶುಲ್ಕ ಮತ್ತು ಜಿಎಸ್‌ಟಿ 590, ವಿಮೆ 1,000 ಕಡಿತ ಎಂದರೆ ಎಪಿಆರ್ ಶೇ. 27 ದಾಟುತ್ತದೆ. ವಿಮೆ ಯಾರ ಹೆಸರಿನಲ್ಲಿದೆ, ತೀರಿಕೊಂಡರೆ ಸಾಲ ಮನ್ನಾ ಆಗುತ್ತದೆಯೇ ಎಂದು ಕೇಳಿಟ್ಟುಕೊಳ್ಳಿ. ಹಣ ಕಟ್ಟಿದ ಮೇಲೆ ಅದರ ಪತ್ರ ನಿಮ್ಮ ಬಳಿ ಇರಬೇಕು.

ಮೆಣಸಿನಕಾಯಿ ಪೇಟೆಯ ಲೆಕ್ಕ ಬೇರೆ

ಬ್ಯಾಡಗಿಯಲ್ಲಿ ಹಣ ಪ್ರತಿ ತಿಂಗಳು ಬರುವುದಿಲ್ಲ, ಸುಗ್ಗಿಯಲ್ಲಿ ಬರುತ್ತದೆ. ಆಗಲೂ ದರ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ಮಾರ್ಚ್ 11 ಸಾಕ್ಷಿ. ಮೆಣಸಿನಕಾಯಿ ದರ ಕುಸಿದ ಸಿಟ್ಟಿಗೆ ಅಂದು ಎಪಿಎಂಸಿ ಕಚೇರಿಯ ಮೇಲೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಇಂಥ ಆದಾಯ ಇರುವವರು ಮುಂದಿನ ತಿಂಗಳಿಂದಲೇ ಕಂತು ಶುರುವಾಗುವ ವೈಯಕ್ತಿಕ ಸಾಲ ತೆಗೆದರೆ, ಆ ಕಂತು ಕಟ್ಟಲು ಮತ್ತೊಂದು ಸಾಲ ಬೇಕಾಗುತ್ತದೆ.

ಬೆಳೆಗೆ ಬೇಕಾದ ಹಣಕ್ಕೆ ವೈಯಕ್ತಿಕ ಸಾಲದ ಕಡೆ ನೋಡುವ ಮೊದಲು ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ಹೋಗಿ. 2023ರ ಬಜೆಟ್‌ನಿಂದ ಅಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆ ಸಾಲದ ಮಿತಿ 5 ಲಕ್ಷ ರೂಪಾಯಿ. ಮಧ್ಯಮ ಮತ್ತು ದೀರ್ಘಾವಧಿಗೆ ಶೇ. 3ರ ಬಡ್ಡಿಯಲ್ಲಿ 15 ಲಕ್ಷದವರೆಗೆ. ಮಿತಿ ಇದೆ ಎಂದ ಮಾತ್ರಕ್ಕೆ ಎಲ್ಲರಿಗೂ ಅಷ್ಟು ಸಿಗುವುದಿಲ್ಲ. ಸಂಘದ ಸದಸ್ಯತ್ವ, ಜಮೀನಿನ ಅಳತೆ, ಬೆಳೆ, ಸಂಘದಲ್ಲಿರುವ ಹಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗಡುವು ತಪ್ಪಿದರೆ ಶೂನ್ಯ ಬಡ್ಡಿಯೂ ತಪ್ಪುತ್ತದೆ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗೆ ಶೇ. 7, ಸಕಾಲಕ್ಕೆ ಕಟ್ಟಿದರೆ ಶೇ. 4. ಯಾವ ಆ್ಯಪ್ ಕೂಡ ಇದರ ಹತ್ತಿರ ಸುಳಿಯದು.

ದಲಾಲರ ಅಂಗಡಿಯ ಮುಂಗಡದ ಬಗ್ಗೆ ಒಂದು ಮಾತು. ಕಾಗದ ಬೇಡ, ಜಾಮೀನು ಬೇಡ, ರಾತ್ರಿ ಆಸ್ಪತ್ರೆಗೆ ಬೇಕೆಂದರೂ ಸಿಗುತ್ತದೆ. ಜನ ಸುಮ್ಮನೆ ಅಲ್ಲಿಗೆ ಹೋಗುವುದಿಲ್ಲ. ಆದರೆ ಅದರ ಬೆಲೆ ಬಡ್ಡಿಯಲ್ಲಿ ಮಾತ್ರ ಇಲ್ಲ. ಮಾಲು ಅದೇ ಅಂಗಡಿಗೆ ತರಬೇಕೆಂಬ ಕಟ್ಟು ಬಿದ್ದರೆ, ಪಕ್ಕದ ಅಂಗಡಿಯಲ್ಲಿ ಕ್ವಿಂಟಲ್‌ಗೆ ನೂರು ರೂಪಾಯಿ ಹೆಚ್ಚು ಸಿಕ್ಕರೂ ನಿಮ್ಮದಲ್ಲ. ಹೋಲಿಸುವಾಗ ಅದನ್ನೂ ಬಡ್ಡಿಯ ಜೊತೆ ಕೂಡಿಸಬೇಕು.

ಪೇಟೆಯ ಸಣ್ಣ ವ್ಯಾಪಾರಿಗಳ ದಿನದ ಸಾಲ ಇನ್ನೂ ಗಟ್ಟಿ. “ಹತ್ತು ಸಾವಿರಕ್ಕೆ ಒಂದೇ ಸಾವಿರ ಬಡ್ಡಿ” ಎನ್ನುತ್ತಾರೆ. ಮೊದಲೇ 1,000 ಹಿಡಿದು 9,000 ಕೈಗಿಟ್ಟು, ದಿನಕ್ಕೆ 100ರಂತೆ ನೂರು ದಿನ. ಶೇ. 10 ಎಂದು ಕಾಣುವ ಇದರ ವಾರ್ಷಿಕ ದರ ಶೇ. 77 ದಾಟುತ್ತದೆ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇ. 36. ಕರ್ನಾಟಕದಲ್ಲಿ ಪರವಾನಗಿ ಇರುವ ಲೇವಾದೇವಿದಾರರಿಗೆ ಮಿತಿ ಇದೆ: ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ. 14, ಇಲ್ಲದ್ದಕ್ಕೆ ಶೇ. 16. ಬೀದಿ ಬದಿ ವ್ಯಾಪಾರಿಯಾಗಿದ್ದರೆ ನಗರಸಭೆ ಅಥವಾ ಪುರಸಭೆಯಲ್ಲಿ ಪಿಎಂ ಸ್ವನಿಧಿ ಬಗ್ಗೆ ವಿಚಾರಿಸಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಮೊದಲ ಕಂತಿನ ಸಾಲವನ್ನು 10,000ದಿಂದ 15,000ಕ್ಕೆ ಏರಿಸಿದೆ. ಸರಿಯಾಗಿ ಕಟ್ಟಿದರೆ ಶೇ. 7 ಬಡ್ಡಿ ಸಹಾಯಧನವೂ ಇದೆ.

ಚಿನ್ನ, ಜಾಮೀನು, ಸೌಹಾರ್ದ

ಮನೆಯಲ್ಲಿ ಚಿನ್ನ ಇದ್ದರೆ ಅದರ ಮೇಲಿನ ಬ್ಯಾಂಕ್ ಸಾಲ ಸಾಮಾನ್ಯವಾಗಿ ವೈಯಕ್ತಿಕ ಸಾಲಕ್ಕಿಂತ ಅಗ್ಗ. ಕಟ್ಟಲಾಗದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ ಎಂಬುದು ಅದರ ಇನ್ನೊಂದು ಮುಖ. ಬಡ್ಡಿ ದರ ಕೇಳಿದಷ್ಟೇ ಗಟ್ಟಿಯಾಗಿ ಹರಾಜಿನ ನೋಟಿಸ್ ಯಾವಾಗ, ಹೇಗೆ ಬರುತ್ತದೆ ಎಂದೂ ಕೇಳಿ.

ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು ಪರಿಚಯದ ಮೇಲೆ ಬೇಗ ಸಾಲ ಕೊಡುತ್ತವೆ. ಇವು ರಾಜ್ಯದ ಸಹಕಾರ ಕಾನೂನುಗಳ ಅಡಿಯಲ್ಲಿ ಬರುವಂಥವು, ರಿಸರ್ವ್ ಬ್ಯಾಂಕಿನ ಕೆಎಫ್‌ಎಸ್ ನಿಯಮ ಇವಕ್ಕೆ ಇಲ್ಲ. ಆದ್ದರಿಂದ ಫ್ಲಾಟೋ, ಉಳಿದ ಅಸಲಿನ ಮೇಲೋ ಎಂದು ನೀವೇ ಕೇಳಿ ಬರೆಸಿಕೊಳ್ಳಬೇಕು. ಜಾಮೀನು ಹಾಕಲು ಕರೆದರೆ ನೆನಪಿಡಿ: ಸಾಲಗಾರ ಕಟ್ಟದಿದ್ದರೆ ಜಾಮೀನುದಾರನ ಹೊಣೆಯೂ ಅಷ್ಟೇ. “ಬರೀ ಒಂದು ಸಹಿ” ಎಂಬುದು ಇಲ್ಲ.

ಪೂರ್ತಿ ಸುಳ್ಳಾದ ಫಾರ್ವರ್ಡ್‌ಗಳು

“ನಿಮಗೆ ಮುದ್ರಾ ಸಾಲ ಮಂಜೂರಾಗಿದೆ, ವಿಮೆಗೆ ಇಷ್ಟು ಕಟ್ಟಿ” ಎಂಬ ಪತ್ರ ಸುಳ್ಳು. ಆಧಾರ್ ಕಾರ್ಡ್ ಮೇಲೆ ಕೇಂದ್ರ ಸರ್ಕಾರ ಶೇ. 2ರ ಬಡ್ಡಿಯಲ್ಲಿ ಸಾಲ ಕೊಡುತ್ತದೆ ಎಂಬುದೂ ಸುಳ್ಳು. ಎರಡನ್ನೂ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ತಳ್ಳಿಹಾಕಿದೆ. ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದೇ ಇಲ್ಲ, ಕೊಡುವುದು ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು. ಸಾಲ ಬರುವ ಮೊದಲೇ ಒಬ್ಬರ ಫೋನ್‌ಪೇಗೆ ಹಣ ಹಾಕಿ ಎಂದರೆ ಅಲ್ಲಿಗೆ ನಿಲ್ಲಿಸಿ. ನಿಜವಾದ ಸಂಸ್ಥೆಗಳು ಶುಲ್ಕವನ್ನು ಸಾಮಾನ್ಯವಾಗಿ ಸಾಲದ ಹಣದಲ್ಲೇ ಕಡಿತ ಮಾಡಿಕೊಳ್ಳುತ್ತವೆ, ಪತ್ರದಲ್ಲೂ ತೋರಿಸುತ್ತವೆ.

ಆ್ಯಪ್ ಸಾಲದಲ್ಲಿ ಮೊದಲು ನೋಡಬೇಕಾದ್ದು ಅದು ಕೇಳುವ ಅನುಮತಿ. ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೊ, ಕರೆಗಳ ವಿವರ ನೋಡುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಅವನ್ನು ಕೇಳುವ ಆ್ಯಪ್ ನಾಳೆ ನಿಮ್ಮ ಮಾವನಿಗೂ, ಮಗಳ ಶಾಲೆಯ ಟೀಚರ್‌ಗೂ ಫೋನ್ ಮಾಡಬಹುದು. 5,000 ಎಂದು ಹೇಳಿ 3,500 ಹಾಕಿ, ಏಳು ದಿನಕ್ಕೆ 5,000 ಕೇಳುವವರ ಬಡ್ಡಿ ವಾರಕ್ಕೇ ಸುಮಾರು ಶೇ. 43. ನಿಯಮಬದ್ಧ ಆ್ಯಪ್ ಹಿಂದೆ ಒಂದು ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಹೆಸರು ಇರಲೇಬೇಕು. ಅಂಥ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕ್ ಜಾಲತಾಣದಲ್ಲಿದೆ. ಮನಸ್ಸು ಬದಲಾದರೆ ಕನಿಷ್ಠ ಒಂದು ದಿನದೊಳಗೆ ಅಸಲು ಮತ್ತು ಆ ದಿನದ ಬಡ್ಡಿ ಕೊಟ್ಟು, ದಂಡವಿಲ್ಲದೆ ಹೊರಬರಲು ಅವಕಾಶ ಇರಬೇಕು.

“ಸಿಬಿಲ್ ಸ್ಕೋರ್ ನೋಡಿದರೆ ಕಡಿಮೆಯಾಗುತ್ತೆ” ಎಂಬುದೂ ಅರ್ಧ ಸತ್ಯ. ನಿಮ್ಮದನ್ನು ನೀವೇ ನೋಡಿದರೆ ಏನೂ ಆಗದು. ಸಿಬಿಲ್ ಸೇರಿ ನಾಲ್ಕು ಸಂಸ್ಥೆಗಳಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಒಂದೇ ವಾರದಲ್ಲಿ ಆರು ಕಡೆ ಅರ್ಜಿ ಹಾಕಿದರೆ ಮಾತ್ರ ಸ್ಕೋರ್ ಇಳಿಯಬಹುದು. ಆದ್ದರಿಂದ ಮೊದಲು ದರ, ಶುಲ್ಕ ವಿಚಾರಿಸಿ, ಎರಡು ಕಡೆಗೆ ಇಳಿಸಿಕೊಂಡು ಆಮೇಲೆ ಅರ್ಜಿ ಹಾಕಿ. ಎಷ್ಟೋ ಬಾರಿ ಆ ವರದಿಯಲ್ಲಿ ತೀರಿಸಿದ ಸಾಲವೂ ಬಾಕಿ ಎಂದು ಕಾಣುತ್ತದೆ. ಅದನ್ನು ಸರಿಪಡಿಸಲು ಯಾವ ಏಜೆಂಟ್‌ಗೂ ಹಣ ಕೊಡಬೇಕಿಲ್ಲ, ಆ ಸಂಸ್ಥೆಯ ಜಾಲತಾಣದಲ್ಲೇ ದೂರು ಹಾಕಬಹುದು.

ತೊಂದರೆ ಆದಾಗ

ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಮೇಲೆ ದೂರು ಇದ್ದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ. ನಕಲಿ ಆ್ಯಪ್‌ಗೆ ಹಣ ಹೋಗಿದ್ದರೆ ತಡಮಾಡದೆ 1930. ಮನೆ ಮುಂದೆ ಬಂದು ಬೆದರಿಸಿದರೆ ಅದು ಬಡ್ಡಿಯ ವಿಷಯವಲ್ಲ, ಪೊಲೀಸ್ ಠಾಣೆಯ ವಿಷಯ. ಹೋಗುವಾಗ ಕಂತಿನ ಪುಸ್ತಕ, ಬಂದ ಕರೆಗಳ ಸ್ಕ್ರೀನ್‌ಶಾಟ್, ಸಿಕ್ಕರೆ ಆ ದಿನದ ವಿಡಿಯೊ ಜೊತೆಗಿರಲಿ.